ಬರೆಯುವವನ ಹೊತ್ತು ಯಾರದು?

(ಕೋಲಾರದಲ್ಲಿ ಸೇರಿದ್ದ ತರುಣ ಬರಹಗಾರರ ಮುಂದೆ ಮಾಡಿದ ಭಾಷಣ)



ಬರಹಗಾರನಾಗಬೇಕೆಂದು ಹಂಬಲಿಸುವವರಿಗೆ ಉಪದೇಶ ಹೇಳುವವರು ಬಹಳ ಮಂದಿ. ಬೆಳಗಿನ ಜಾವ ಏಳಿರಿ, ದಿನಕ್ಕೆ ಎರಡು ಪುಟ ತಪ್ಪದೆ ಬರೆಯಿರಿ, ದೊಡ್ಡವರ ಗ್ರಂಥಗಳನ್ನು ಓದಿರಿ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಇದೆಲ್ಲ ಬೆಳಗಿನ ಜಾವ ತನ್ನದೇ ಆಗಿರುವವನಿಗೆ ಹೇಳುವ ಮಾತು. ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಬೆಳಗಿನ ಜಾವ ಯಾರ ಸ್ವತ್ತು ಎಂಬುದನ್ನು ಮೊದಲು ವಿಚಾರಿಸೋಣ.

ಹಸು ಕಟ್ಟಿದ ಮನೆಯಲ್ಲಿ ಅದು ಡೈರಿಯದು. ಟೊಮೊಟೊ ಬೆಳೆದ ಮನೆಯಲ್ಲಿ ಮಂಡಿಯದು. ಮಾಲೂರಿನಿಂದ ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ರೈಲಿನದು, ನರಸಾಪುರದ ಕಾರ್ಖಾನೆಗಳಿಗೆ ಹೋಗುವವರಿಗೆ ಷಿಫ್ಟಿನದು. ಇವರೆಲ್ಲರಿಗೂ ಬುತ್ತಿ ಕಟ್ಟುವ ಹೆಣ್ಣುಮಗಳ ಬೆಳಗನ್ನಂತೂ ಕೇಳುವವರೇ ಇಲ್ಲ. ಅವಳೂ ಬರೆಯಬಲ್ಲಳೆಂಬ ಯೋಚನೆ ನಮ್ಮ ಸಭೆಗಳಿಗೆ ಇನ್ನೂ ಸರಿಯಾಗಿ ಬಂದಿಲ್ಲ. ಇವೊತ್ತು ಇಲ್ಲಿ ಕುಳಿತವರಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ನೀವೇ ಎಣಿಸಿ ನೋಡಿ.

ಶ್ರೀನಿವಾಸಪುರದ ಕಡೆಯ ಒಬ್ಬ ತರುಣನನ್ನು ನಾವು ಬಲ್ಲೆವು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಮನೆಮಂದಿಯನ್ನು ಹೇಗೆ ಆಳುತ್ತದೆಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಮರಿಯಿಂದ ಗೂಡು ಕಟ್ಟುವ ತನಕ ಹೆಚ್ಚು ಕಡಿಮೆ 25 ದಿನ. ನಡುವೆ ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ಸುಮಾರು ಒಂದು ದಿನ ತಲೆಯೆತ್ತಿ ಸುಮ್ಮನಿರುತ್ತದೆ. ಈ ಹುಡುಗ ಬರೆಯುವುದು ಆಗ. ಒಂದು ಬೆಳೆಗೆ ನಾಲ್ಕು ದಿನ, ಇದೇ ಅವನ ಸಾಹಿತ್ಯದ ಲೆಕ್ಕ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿನ ಹಸಿವಿಗೆ ಹಗಲಿಲ್ಲ, ರಾತ್ರಿಯಿಲ್ಲ. ಆ ವಾರ ಕಥೆ ನಿಂತಲ್ಲೇ ನಿಲ್ಲುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ಮಾರಿ ಬಂದು ಕಾಗದ ತೆಗೆದರೆ ಪಾತ್ರಗಳಿಗೆ ತನ್ನ ಗುರುತೇ ಸಿಗುವುದಿಲ್ಲ ಎನ್ನುತ್ತಾನೆ. ಅವನನ್ನು ಸೋಮಾರಿ ಎನ್ನುವ ವಿಮರ್ಶಕರನ್ನು ಒಂದು ಬೆಳೆಯ ಕಾಲ ಆ ಮನೆಯಲ್ಲಿ ಇರಿಸಬೇಕು.

ಆದರೆ ಒಂದು ವಿಚಿತ್ರವನ್ನು ಹೇಳದೆ ಇರಲಾರೆವು. ಈ ತರುಣನ ಕಥೆಗಳಲ್ಲಿ ಹುಳುವೇ ಇಲ್ಲ! ಇರುವುದು ಬೆಂಗಳೂರಿನ ಪಾರ್ಕು, ಕಾಫಿ ಹೋಟೆಲು, ಕಾಲೇಜು ಹುಡುಗಿಯ ಪ್ರೇಮ. ಕೇಳಿದರೆ, “ಹುಳುವಿನ ಮಾತೆಲ್ಲ ಮನೆಯಲ್ಲಿ ತೆಲುಗಿನಲ್ಲಿ ನಡೆಯುತ್ತೆ ಸಾರ್, ಅದನ್ನ ಕನ್ನಡದಲ್ಲಿ ಬರೆದರೆ ಸಾಹಿತ್ಯ ಆಗುತ್ತಾ?” ಎಂದ. ಅವನ ಸಮಯವನ್ನು ಕಸಿದುಕೊಂಡಿರುವ ವ್ಯವಸ್ಥೆಯೇ ಅವನ ನಾಲಗೆಯ ಮೇಲೂ ಕೂತಿದೆ. ತನ್ನ ಬದುಕು ಬರೆಯಲು ತಕ್ಕದ್ದಲ್ಲವೆಂದು ಅವನಿಗೆ ಕಲಿಸಿಬಿಟ್ಟಿದ್ದಾರೆ. ಸಮಯದ ಬಡತನಕ್ಕಿಂತ ಇದು ಕ್ರೂರವಾದದ್ದು.

ಮನೆಮಾತು ಬೇರೆಯಾದರೆ ಕನ್ನಡ ಬರೆಯಲಾಗದು ಎನ್ನುವವರು ನಮ್ಮ ಜಿಲ್ಲೆಯ ಚರಿತ್ರೆಯನ್ನೇ ಅರಿಯರು. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರನ್ನು ನಾಡು ಕನ್ನಡದ ಆಸ್ತಿ ಎಂದಿತು. 1920ರಲ್ಲಿ ಸಣ್ಣ ಕಥೆಗಳ ಮೊದಲ ಸಂಗ್ರಹ, 1983ರ ಜ್ಞಾನಪೀಠ. ಈ ನಡುವಿನ ದುಡಿಮೆ ಸಾಮಾನ್ಯವೇ? ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಬರೆದರು, 1943ರಲ್ಲಿ ಕೆಲಸ ಬಿಟ್ಟ ಮೇಲೆ ‘ಜೀವನ’ ಪತ್ರಿಕೆಯನ್ನು 1965ರ ತನಕ ನಡೆಸಿದರು. (ಮಾಸ್ತಿಯವರನ್ನು ಹೊಗಳಿ ಹೊಗಳಿ ನಮ್ಮ ಜಿಲ್ಲೆಯವರು ಅವರನ್ನು ಓದುವುದನ್ನೇ ಮರೆತಂತಿದೆ; ಅದು ಬೇರೆ ಮಾತು.) ಅವರ ಶಿಸ್ತಿಗೆ ನಾವು ತಲೆಬಾಗುತ್ತೇವೆ. ಆದರೆ ಆ ಶಿಸ್ತಿನ ಹಿಂದೆ ತಿಂಗಳ ಸಂಬಳವಿತ್ತು, ಕಚೇರಿ ಮುಗಿದ ಮೇಲೆ ಸಂಜೆ ಎಂಬುದೊಂದಿತ್ತು. ಕಡತವನ್ನು ಕಟ್ಟಿಡಬಹುದು, ಹಸುವನ್ನು ಹಾಗೆ ಕಟ್ಟಿಟ್ಟು ಮರೆಯಲಾದೀತೆ?

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರಿಗೆ ಸರ್ಕಾರಿ ಅಧಿಕಾರದ ಆಸರೆಯಿರಲಿಲ್ಲ. ಮೆಟ್ರಿಕ್ಯುಲೇಷನ್ನೂ ದಾಟಲಿಲ್ಲ. ಪತ್ರಿಕೆಗಳನ್ನು ನೆಚ್ಚಿ ಬದುಕಿದರು. 1887ರಲ್ಲಿ ಹುಟ್ಟಿದವರ ‘ಮಂಕುತಿಮ್ಮನ ಕಗ್ಗ’ ಅಚ್ಚಾದದ್ದು 1943ರಲ್ಲಿ. ಇಪ್ಪತ್ತೆರಡನೆಯ ವಯಸ್ಸಿಗೇ ಪುಸ್ತಕ ಬರಲಿಲ್ಲವೆಂದು ಮುಖ ಬಾಡಿಸುವ ಗೆಳೆಯರು ಈ ಎರಡು ಇಸವಿಗಳ ನಡುವಿನ ಅಂತರವನ್ನು ಕಳೆದು ನೋಡಲಿ.

ಇನ್ನು ಅಚ್ಚಿನ ಹಂಗೇ ಬೇಡವೆಂದವರೂ ಈ ಜಿಲ್ಲೆಯಲ್ಲಿ ಉಂಟು. ದಲಿತ ಚಳವಳಿಯ ದಿನಗಳಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರಂಥವರು ಕಟ್ಟಿದ ಹಾಡುಗಳು ಬಾಯಿಂದ ಬಾಯಿಗೆ ಕೇರಿ ಕೇರಿ ತಿರುಗಿದವು. ಅವುಗಳಿಗೆ ಸಂಪಾದಕನ ಅಪ್ಪಣೆ ಬೇಕಾಗಲಿಲ್ಲ. ಹಾಡುವವರೂ ಕೇಳುವವರೂ ಒಂದೇ ಕೂಲಿಯಿಂದ ಬಂದವರಾದ್ದರಿಂದ, ಇದು ನಮ್ಮ ಬದುಕು, ಬರೆಯಲು ತಕ್ಕದ್ದೋ ಅಲ್ಲವೋ ಎಂಬ ಅನುಮಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

1886ರಲ್ಲಿ ಷಿಕಾಗೋ ನಗರದ ಕಾರ್ಮಿಕರು ಎಂಟು ಗಂಟೆಯ ಕೆಲಸಕ್ಕಾಗಿ ಬೀದಿಗಿಳಿದಾಗ, ಕೇಳಿದ್ದು ವಿಶ್ರಾಂತಿಯನ್ನು ಮಾತ್ರವಲ್ಲ. ತಮ್ಮ ಇಷ್ಟಕ್ಕೆ ಬಿಟ್ಟ ಹೊತ್ತನ್ನೂ ಕೇಳಿದರು. ಕಥೆ, ಕವಿತೆಗಳು ಇರುವುದು ಆ ಹೊತ್ತಿನಲ್ಲಿ. ಆದ್ದರಿಂದ ಬರಹಗಾರನ ದಿನಚರಿಯೆಂಬುದು ಅವನ ಖಾಸಗಿ ವಿಷಯವೆಂದು ನಾವು ಒಪ್ಪುವುದಿಲ್ಲ. ಅದು ಕೂಲಿಯ ಪ್ರಶ್ನೆ, ಬೆಲೆಯ ಪ್ರಶ್ನೆ, ಮನೆಗೆಲಸವನ್ನು ಯಾರು ಮಾಡಬೇಕೆಂಬ ಪ್ರಶ್ನೆ.

ಈ ಕೂಡಲೇ ಆಗಬಹುದಾದ ಕೆಲಸ ಒಂದಿದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಕೂಲಿಯವನ ಮನೆಯ ಕಂದಾಯದಲ್ಲೂ ಅದು ಸೇರಿದೆ. ಹಣ ಕೊಟ್ಟವನು ದುಡಿದು ಊರಿಗೆ ಬರುವ ಹೊತ್ತಿಗೆ ಗ್ರಂಥಾಲಯದ ಬಾಗಿಲು ಹಾಕಿದ್ದರೆ ಅದು ಯಾರ ಗ್ರಂಥಾಲಯ? ರಾತ್ರಿ ಹತ್ತರ ತನಕ ಬಾಗಿಲು ತೆರೆದಿರಲಿ; ದೀಪ, ಬರೆಯಲು ಮೇಜು, ಹೆಣ್ಣುಮಕ್ಕಳು ಅಳುಕಿಲ್ಲದೆ ಬಂದು ಕೂರುವ ಏರ್ಪಾಡು ಇರಲಿ. ನಾಲ್ಕೂ ತಾಲ್ಲೂಕುಗಳಲ್ಲಿ ಈ ಅರ್ಜಿಗೆ ಸಹಿ ಹಾಕಿಸಬೇಕು. ಇವೊತ್ತು ಹೊರಡುವ ಮುನ್ನ ನೀವು ಮೊದಲು ಹಾಕಿರಿ, ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ.

ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿ. ರೈಲಿನಲ್ಲಿ ನಿಂತು ಫೋನಿನಲ್ಲಿ ಒತ್ತಿದ್ದಾದರೂ ಸರಿ, ಕಾಗದದಲ್ಲಾದರೆ ಒಂದೇ ಮಗ್ಗುಲಲ್ಲಿ ಬರೆಯಿರಿ. ತೆಲುಗು, ತಮಿಳು ಮಾತು ನಡುವೆ ಬಂದರೆ ತಿದ್ದಲು ಹೋಗಬೇಡಿ. ಸಂಭಾವನೆ ಕೊಡುವ ಶಕ್ತಿ ಪತ್ರಿಕೆಗಿಲ್ಲ. ಆದರೆ ಬಂದದ್ದನ್ನು ಓದಿ, ಹಾಕಿಕೊಳ್ಳದಿದ್ದರೆ ಯಾಕೆಂದು ಎರಡು ಸಾಲು ಬರೆದು ತಿಳಿಸುತ್ತೇವೆ. ಶ್ರೀನಿವಾಸಪುರದ ಆ ಗೆಳೆಯನಿಗೆ ಹುಳುವಿನ ಮನೆಯ ಬಗ್ಗೆ ಹತ್ತು ಪುಟ ಬರೆಯಲು ಹೇಳಿದ್ದೇವೆ. ಈಗ ಅವರ ಮನೆಯಲ್ಲಿ ಮೂರನೆಯ ಜ್ವರವಂತೆ.