ಚಂದ್ರವಳ್ಳಿಗೆ ಬಂದ ರೋಮಿನ ಬೆಳ್ಳಿ

ಹೊಸಪೇಟೆ ಬಳಿಯ ಗಾದಿಗನೂರಿನ ಸ್ಟೇಷನ್ನಿನಲ್ಲಿ ಒಂದು ಗಳಿಗೆ ನಿಂತರೆ ಅದಿರು ತುಂಬಿದ ಗೂಡ್ಸ್ ಗಾಡಿ ಹಾದುಹೋಗುತ್ತದೆ. ಅದಿರಿನ ತೂಕಕ್ಕೆ ಲೆಕ್ಕವುಂಟು, ಸರಕಿನ ಜೊತೆ ಊರೂರಿಗೆ ಹೋಗುವ ಮಾತುಕತೆಗೆ ಲೆಕ್ಕವಿಲ್ಲ. ಕ್ರೈಸ್ತ ಧರ್ಮ ಮೊದಮೊದಲು ಹಬ್ಬಿದ್ದು ಹೀಗೆ, ಲೆಕ್ಕಕ್ಕೆ ಸಿಗದಂತೆ.

ಹೊಸಪೇಟೆಯಿಂದ ತೆಂಕಣಕ್ಕೆ ಹೊರಟರೆ ಚಿತ್ರದುರ್ಗ. ಕೋಟೆಬೆಟ್ಟದ ಮಗ್ಗುಲಲ್ಲೇ ಚಂದ್ರವಳ್ಳಿ, ಕದಂಬರ ಮಯೂರಶರ್ಮನ ಶಾಸನವಿರುವ ಜಾಗ. ಅಲ್ಲಿ ನೆಲ ಅಗೆದಾಗ ಶಾತವಾಹನರ ಸೀಸದ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಅಗಸ್ಟಸ್, ತಿಬೇರಿಯಸ್ ಚಕ್ರವರ್ತಿಗಳ ದಿನಾರಿಯಸ್‌ಗಳು. ತಿಬೇರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ, ಯೇಸುವನ್ನು ಶಿಲುಬೆಗೇರಿಸಿದ್ದು ಅವನ ಕಾಲದಲ್ಲೇ. ಕಂದಾಯ ಕೊಡಬೇಕೋ ಬೇಡವೋ ಎಂದು ಕೆಣಕಿದವರಿಂದ ಯೇಸು ಒಂದು ದಿನಾರಿಯಸ್ ತರಿಸಿ, ಇದರ ಮೇಲಿನ ಮುಖ ಯಾರದು ಎಂದು ಕೇಳಿದ ಪ್ರಸಂಗ ಸುವಾರ್ತೆಗಳಲ್ಲಿದೆ. ಅದೂ ಬಹುಶಃ ಇಂಥದ್ದೇ, ಹೆಬ್ಬೆರಳ ಉಗುರಿನಷ್ಟಗಲದ ಬೆಳ್ಳಿ. ನಾಣ್ಯದ ಬೆನ್ನಿಗೇ ಧರ್ಮವೂ ಬಂತು ಅಂತ ನಾನು ಹೇಳುತ್ತಿಲ್ಲ. ದಾರಿ ತೆರೆದಿತ್ತು, ಅಷ್ಟೇ.

ಅಂಥ ದಾರಿಗಳಲ್ಲೇ ಪೌಲ ಯೇಸುವಿನ ಸುವಾರ್ತೆ ಸಾರುತ್ತ ತಿರುಗಾಡಿದ್ದು. ಆತ ಗುಡಾರ ಮಾಡಿ ಹೊಟ್ಟೆ ಹೊರೆಯುತ್ತಿದ್ದವನು. ಕೊರಿಂಥಕ್ಕೆ ಹೋದಾಗ ಇಳಿದುಕೊಂಡದ್ದೂ ಅದೇ ಕಸುಬಿನ ಗಂಡಹೆಂಡಿರ ಮನೆಯಲ್ಲಿ. ಫಿಲಿಪ್ಪಿಯಲ್ಲಿ ಲಿಡಿಯಾ ಎಂಬ ಹೆಂಗಸು, ಊದಾ ಬಟ್ಟೆಯ ವ್ಯಾಪಾರಿ, ಆತನಿಗೆ ತನ್ನ ಮನೆಯ ಬಾಗಿಲು ತೆರೆದಳು. ಗುಡಿಯಿಲ್ಲ, ಗೋಪುರವಿಲ್ಲ; ಯಾರದೋ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿದು ಹಂಚಿಕೊಳ್ಳುವುದು. ಆಡುತ್ತಿದ್ದದ್ದು ಸಂತೆಯ ಗ್ರೀಕು, ಅಲೆಕ್ಸಾಂಡ್ರಿಯದಿಂದ ರೋಮಿನವರೆಗೂ ನಡೆಯುತ್ತಿದ್ದ ಮಾತು. ಸುಮಾರು 112ರಲ್ಲಿ ಕಪ್ಪು ಸಮುದ್ರದ ದಂಡೆಯ ಪ್ರಾಂತ್ಯವೊಂದರ ಅಧಿಕಾರಿ ಪ್ಲಿನಿ, ಈ ಧರ್ಮ ಪಟ್ಟಣ ದಾಟಿ ಹಳ್ಳಿಗಳಿಗೂ ಹಬ್ಬಿದೆ, ಏನು ಮಾಡಲಿ ಎಂದು ಚಕ್ರವರ್ತಿ ಟ್ರಾಜನನಿಗೆ ಕಾಗದ ಬರೆದ. ಕಾನ್‌ಸ್ಟಂಟೈನನ ಕಾಲದಲ್ಲಿ ಅದಕ್ಕೆ ಸರ್ಕಾರದ ಮನ್ನಣೆ ಸಿಕ್ಕಿದ್ದು 313ರಲ್ಲಿ. ರಾಜಾಶ್ರಯದಿಂದಲೇ ಈ ಧರ್ಮ ಬೆಳೆಯಿತು ಎನ್ನುವವರು ಪ್ಲಿನಿಯ ಕಾಗದವನ್ನು ಒಮ್ಮೆ ಓದಬೇಕು.

ನಮ್ಮ ಪಡುವಣ ಕರಾವಳಿಯ ಕ್ರೈಸ್ತರ ಸುದ್ದಿ ಬರೆದಿಟ್ಟವನೂ ಒಬ್ಬ ವರ್ತಕನೇ. 6ನೇ ಶತಮಾನದ ಕಾಸ್ಮಸ್, ಮೆಣಸು ಬೆಳೆಯುವ ಮಲೆಯಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನದಲ್ಲಿ ಪರ್ಷಿಯದಿಂದ ನೇಮಕವಾದ ಬಿಷಪ್ ಇದ್ದಾನೆ ಎನ್ನುತ್ತಾನೆ. ಅದು ಉಡುಪಿ ಹತ್ತಿರದ ಕಲ್ಯಾಣಪುರ ಎಂದು ಕೆಲವರು, ಮುಂಬಯಿ ಹತ್ತಿರದ ಕಲ್ಯಾಣ ಎಂದು ಕೆಲವರು. ಕಲ್ಯಾಣಪುರದವರ ಎದುರು ಎರಡನೆಯದನ್ನು ಹೇಳುವ ಧೈರ್ಯ ನನಗಿಲ್ಲ.

ನಮ್ಮ ಸೀಮೆಯ ಕಥೆ ಬಹಳ ಈಚಿನದು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ವಿಲಿಯಂ ರೀವ್ ಬಂದು ಹ್ಯಾಂಡ್ಸರ ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಪೌಲನಿಗೆ ಸಂತೆಯ ಗ್ರೀಕು ನಾಲಿಗೆಯ ಮೇಲೇ ಇತ್ತು. ಹ್ಯಾಂಡ್ಸ್ ಮಾತ್ರ ಬಳ್ಳಾರಿಯಲ್ಲಿ ಕೂತು ಅ ಆ ಇ ಈಯಿಂದ ಶುರುಮಾಡಬೇಕಾಯಿತು.