ಕಬ್ಬಿಣಕ್ಕೆ ಮರದ ಆಸರೆ
(ಪುಣೆಯ ಸದಾಶಿವ ಪೇಠೆಯ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹೊಟೆಲುಗಳಲ್ಲಿ ಕೊಡಗಿನ ಗೆಳೆಯರೂ ಇದ್ದಾರೆ. ಕೈಲ್ ಮುಹೂರ್ತದ ದಿನ ಅವರ ಮನೆಗಳಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಅವರಲ್ಲೊಬ್ಬರು ಕೇಳಿದರು: "ಬೇಸಿಗೆಯಲ್ಲಿ ಗುರಿ ಮುಟ್ಟುವ ನಮ್ಮ ರೈಫಲು ಮಳೆಗಾಲದಲ್ಲಿ ತಪ್ಪುತ್ತದೆ. ಅಪ್ಪನ ಕಣ್ಣು ಮಂಜಾಯಿತೆಂದು ಊರವರೆಲ್ಲ ಹೇಳುತ್ತಾರೆ." ಕಣ್ಣನ್ನು ದೂರುವ ಮೊದಲು ಮರವನ್ನು ನೋಡಿರಿ ಎಂದೆ.

ಗಿರಣಿಯ ಬಂಧುಗಳು ಬಲ್ಲರು: ಯಂತ್ರದ ಒಂದು ಕಾಲು ನೆಲಕ್ಕೆ ಕೂರದಿದ್ದರೆ, ಬೋಲ್ಟು ಬಿಗಿದಷ್ಟೂ ಯಂತ್ರ ತಿರುಚಿಕೊಳ್ಳುತ್ತದೆ. ರೈಫಲಿನ ಆ್ಯಕ್ಷನ್, ಅಂದರೆ ಗುಂಡು ತುಂಬಿ ಹಾರಿಸುವ ಕಬ್ಬಿಣದ ಭಾಗ, ಮರದಲ್ಲಿ ಹಾಗೆಯೇ ಸಮನಾಗಿ ಕೂರಬೇಕು. ಮಳೆಗೆ ಮರ ಉಬ್ಬಿ ನಳಿಗೆಯನ್ನು ಒತ್ತಿದರೆ ಗುಂಡು ಬೇರೆಡೆ ಬೀಳುತ್ತದೆ.

ಮೊದಲು ಕೋವಿ ಖಾಲಿಯೇ ಎಂದು ಎರಡು ಸಲ ನೋಡಿರಿ. ನಳಿಗೆ ಮರಕ್ಕೆ ತಾಗದಂತೆ ಮಾಡಿದ ರೈಫಲಾದರೆ, ನಡುವೆ ಕಾಗದದ ಪಟ್ಟಿ ಸರಾಗವಾಗಿ ಓಡಬೇಕು. ಕಸುಬುದಾರನು ಕಬ್ಬಿಣಕ್ಕೆ ದೀಪದ ಮಸಿ ಸವರಿ, ಮರದಲ್ಲಿ ಕೂರಿಸಿ ಎತ್ತುತ್ತಾನೆ; ಮಸಿ ಹತ್ತಿದ ಉಬ್ಬನ್ನಷ್ಟೇ ಕೂದಲೆಳೆಯಷ್ಟು ಕೆರೆಯುತ್ತಾನೆ. ಹಿಂದೊದೆತವನ್ನು ತಾಳುವ ಕಬ್ಬಿಣದ ಗೂಟ ಮರಕ್ಕೆ ಪೂರ್ತಿ ಆನಿಕೊಂಡಿರಬೇಕು. ಇಲ್ಲವಾದರೆ ಮರ ಸೀಳೀತು. ಈಗ ಎಪಾಕ್ಸಿ ಅಂಟು ತುಂಬುವುದೂ ಉಂಟು. ಕಬ್ಬಿಣಕ್ಕೆ ಮೇಣ ಸವರಲು ಮರೆತರೆ ಎರಡೂ ಒಂದಾಗಿಬಿಡುತ್ತವೆ.

ಒಂದು ಎಚ್ಚರಿಕೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ದುರಸ್ತಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಪರೀಕ್ಷೆ ನಿಮ್ಮದು, ಉಳಿ ಪರವಾನಗಿಯುಳ್ಳವನದು.

ರಜೆಗೆ ಊರಿಗೆ ಹೋಗುವಾಗ ಒಂದು ಕಾಗದದ ಪಟ್ಟಿ ಒಯ್ಯಿರಿ. ಅಪ್ಪನ ಕಣ್ಣನ್ನು ದೂರುವುದು ಆಮೇಲೆ.