ಕಾಣದ ಗಾಯಕ್ಕೆ ಬೆಲೆಯಿಲ್ಲವೇ?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕೈ ಕಳೆದುಕೊಂಡವನ ನಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ತಲೆಯೊಳಗೆ ಪೆಟ್ಟಾದವನ ನಷ್ಟ ಯಾರಿಗೆ ಕಾಣಬೇಕು?

ಅಮೆರಿಕದ ಸರ್ಕಾರ 2001ರಲ್ಲಿ ಅಫಘಾನಿಸ್ತಾನಕ್ಕೂ 2003ರಲ್ಲಿ ಇರಾಕಿಗೂ ಸೈನ್ಯ ಕಳಿಸಿತು. ಬಾಂಬಿನ ಹೊಡೆತಕ್ಕೆ ಸಿಕ್ಕ ಅನೇಕ ಸಿಪಾಯಿಗಳು ಮೈಮೇಲೆ ಗೀರೂ ಇಲ್ಲದೆ, ಮಿದುಳಿಗೆ ಪೆಟ್ಟು ತಿಂದು ಮನೆಗೆ ಬಂದರು. ತಲೆನೋವು, ತಲೆಸುತ್ತು, ನಿದ್ದೆಯಿಲ್ಲ ಎಂದವರಿಗೆ 2008ರವರೆಗಿನ ನಿಯಮ ಕಟ್ಟಿದ ಬೆಲೆ ಶೇಕಡಾ 10ರ ಅಂಗವಿಕಲತೆ, ಅದರ ಮೇಲಿಲ್ಲ. ಆ ವರ್ಷ ನಿಯಮ ತಿದ್ದಿದರು. ಈಗ ನೆನಪು, ವಿವೇಚನೆ, ಮಾತು ಮುಂತಾದ 10 ಬಾಬುಗಳನ್ನು ನೋಡುತ್ತಾರೆ.

ಆದರೂ ಅರ್ಜಿ ತಿರಸ್ಕಾರವಾದರೆ? ಒಂದು ವರ್ಷದೊಳಗೆ ಮೇಲ್ಮನವಿ ಹೋಗಬೇಕು. ಗಡುವು ದಾಟಿದರೆ ಹಿಂದಿನ ಬಾಕಿ ಕೈತಪ್ಪಬಹುದು. ನೆನಪು ಕಳೆದುಕೊಂಡವನೇ ತಾರೀಖು ನೆನಪಿಡಬೇಕು! ಇದು ಯಾವ ನ್ಯಾಯ?

ಅಲ್ಲಿನ ಕಾನೂನಿನಲ್ಲಿ ಒಂದು ಒಳ್ಳೆಯ ಮಾತೂ ಇದೆ. ಸಾಕ್ಷ್ಯ ಎರಡು ಕಡೆಯೂ ಸರಿಸಮ ತೂಗಿದರೆ ಸಂಶಯದ ಲಾಭ ಸಿಪಾಯಿಗೆ. ವೈದ್ಯರ ಕಾಗದವಷ್ಟೇ ಅಲ್ಲ, ಹೆಂಡತಿ ಕಂಡದ್ದು, ಜೊತೆಗಾರ ಕಂಡದ್ದೂ ಸಾಕ್ಷ್ಯವೇ. ವ್ಯಾಪಾರಿ ಬಂಧುಗಳೇ, ತಕ್ಕಡಿಯ ಮುಳ್ಳು ನಡುವೆ ನಿಂತಾಗ ಅದು ಯಾರ ಕಡೆ ವಾಲಬೇಕು? ಖಜಾನೆಯ ಕಡೆಗೋ, ಪೆಟ್ಟು ತಿಂದವನ ಕಡೆಗೋ? ಇದೇ ಪ್ರಶ್ನೆ.

ಈ ಹಕ್ಕು ದಯೆಯಿಂದ ಬಂದದ್ದಲ್ಲ. ಇಲಾಖೆ ಕೊಟ್ಟ ತೀರ್ಪನ್ನು ಪ್ರಶ್ನಿಸಲು ಅವರಿಗೊಂದು ಪ್ರತ್ಯೇಕ ನ್ಯಾಯಾಲಯ ದೊರೆತದ್ದೇ 1988ರ ಕಾಯಿದೆಯಿಂದ.

ನಮ್ಮ ಗಿರಣಿಯಲ್ಲಿ ಜೊತೆಗಾರನ ತಲೆಗೆ ಪೆಟ್ಟು ಬಿದ್ದರೆ, ರಕ್ತ ಬರಲಿಲ್ಲವೆಂದು ಸುಮ್ಮನಿರಬೇಡಿ. ಕಂಡದ್ದನ್ನು ಅಂದೇ ಬರೆದು ಸಹಿ ಹಾಕಿ. ಅವನು ಮರೆತರೂ ನಾವು ಮರೆಯಬಾರದು.